ಬೀದರ್ ಪ್ರವಾಸದಲ್ಲಿ ಮಗುವಿಗೆ ಜ್ವರ ಬಂದರೆ

ಬೇಸಿಗೆ ರಜೆಯಲ್ಲಿ ಬೀದರ್ ಕೋಟೆ ನೋಡಲೆಂದು ಕಲಬುರಗಿಯಿಂದ ಹೊರಟ ಮಗುವಿನ ಮೈ ಹುಮನಾಬಾದ್ ದಾಟುವಷ್ಟರಲ್ಲಿ ಸುಡತೊಡಗಿದರೆ, ಅದು ಜ್ವರವೋ ಬಿಸಿಲಿನ ಕಾವೋ ಎಂಬುದನ್ನು ಮೊದಲು ನೋಡಬೇಕು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಬಟ್ಟೆ ಸಡಿಲಿಸಿ, ನೀರು ಕುಡಿಸಿ, ಇಪ್ಪತ್ತು ನಿಮಿಷ ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಡಿ. ಬಿಸಿಲಲ್ಲಿದ್ದ ಮಗು ಮಂಕಾಗಿ, ಕರೆದರೆ ಓಗೊಡದಂತಿದ್ದರೆ ಕಾಯಬೇಡಿ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಬಿಸಿಲಾಘಾತವನ್ನು ಜ್ವರದ ಔಷಧಿ ಇಳಿಸುವುದಿಲ್ಲ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಮನೆಮದ್ದಿನ ಮಾತಿಲ್ಲ, ನೇರವಾಗಿ ವೈದ್ಯರ ಬಳಿ ಹೋಗಬೇಕು. ಬೀದರ್‌ನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ದೊಡ್ಡ ಮಕ್ಕಳಿಗೆ ಪ್ಯಾರಸಿಟಮಾಲ್ ಸಾಕು, ಆದರೆ ಹೆಚ್ಚಿನವರು ಎಡವುವುದು ಅದರ ಅಳತೆಯಲ್ಲಿಯೇ. ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ, 10 ಕಿಲೋ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ಬೇಕು. ಸೀಸೆಯ ಮೇಲೆ 5 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಎಂದಿದ್ದರೆ ಅದು ಸುಮಾರು 6 ಮಿಲಿಲೀಟರ್, 250 ಎಂದಿದ್ದರೆ 3 ಮಿಲಿಲೀಟರ್ ಮಾತ್ರ. ಹನಿ ಔಷಧಿ ಸಾಮಾನ್ಯವಾಗಿ 1 ಮಿಲಿಲೀಟರ್‌ಗೆ 100 ಮಿಲಿಗ್ರಾಂ ಇರುವುದರಿಂದ ಒಂದೂವರೆ ಮಿಲಿಲೀಟರ್ ಸಾಕು. ಊರಲ್ಲಿ ಬಳಸುತ್ತಿದ್ದ ಹೆಸರಿನದೇ ಔಷಧಿಯನ್ನು ದಾರಿಯ ಅಂಗಡಿಯಲ್ಲಿ ಕೊಂಡರೂ ಅದರ ಸಾಂದ್ರತೆ ಬೇರೆ ಇರಬಹುದು, ಆದ್ದರಿಂದ ಚೀಟಿ ಓದದೆ ಹಳೆಯ ಅಳತೆಯನ್ನು ಹಾಕಬಾರದು. ಅಡುಗೆಮನೆಯ ಚಮಚವೂ ಬೇಡ. ಎರಡು ಸಲದ ನಡುವೆ ಕನಿಷ್ಠ 4 ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದಂತೆ ಕೊಡಬೇಕು. ಅಮ್ಮ ಒಮ್ಮೆ, ಅಜ್ಜಿ ಮತ್ತೊಮ್ಮೆ ಕುಡಿಸಿಬಿಡುವುದು ಪ್ರವಾಸದಲ್ಲಿ ನಡೆದೇ ನಡೆಯುವುದರಿಂದ ಕೊಟ್ಟ ಹೊತ್ತನ್ನು ಫೋನಿನಲ್ಲಿ ಬರೆದಿಡಿ. ಆಸ್ಪಿರಿನ್ ಮಕ್ಕಳಿಗೆ ಕೂಡದು. ಡೆಂಗಿ ಶಂಕೆಯಿದ್ದಾಗ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಕೂಡ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ನಡುಗುತ್ತದೆಂದು ಕೌದಿ ಮೇಲೆ ಕೌದಿ ಹೊದಿಸಿದರೆ ಕಾವು ಒಳಗೇ ಉಳಿಯುತ್ತದೆ. ಐಸ್ ನೀರಿನ ಪಟ್ಟಿ ಇಟ್ಟರೆ ನಡುಕ ಹೆಚ್ಚುತ್ತದೆ. ತೆಳು ಹತ್ತಿ ಬಟ್ಟೆ ಸಾಕು. ಊಟ ಬೇಡವೆಂದರೆ ಒತ್ತಾಯಿಸದೆ ಗಂಜಿಯನ್ನೋ ಮಜ್ಜಿಗೆಯನ್ನೋ ಗುಟುಕು ಗುಟುಕಾಗಿ ಕೊಡಿ. ವಾಂತಿ, ಭೇದಿಯಾಗುತ್ತಿದ್ದರೆ ಓಆರ್‌ಎಸ್ ಬೇಕು. ಒಂದು ಲೀಟರ್‌ನ ಪುಡಿಯನ್ನು ಒಂದು ಲೀಟರ್ ನೀರಿಗೇ ಪೂರ್ತಿ ಕಲಸಬೇಕು, ಲೋಟಕ್ಕೆ ಅಂದಾಜಿನಲ್ಲಿ ಚಿಟಿಕೆ ಹಾಕಬಾರದು.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಎರಡೂ ತಪ್ಪು. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡುತ್ತಿರಿ; 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು, ಬೇಗ ನಿಂತರೂ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರಾಟದ ಕಷ್ಟ, ಕುತ್ತಿಗೆ ಬಿಗಿತ, ಒತ್ತಿದರೂ ಮಾಯದ ಕೆಂಪು ಕಲೆ, ಎಂಟು ಗಂಟೆ ಮೂತ್ರವಿಲ್ಲದಿರುವುದು ಇವೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು. ಜ್ವರ ಮೂರು ದಿನ ಎಳೆದರೂ ತೋರಿಸಲೇಬೇಕು.

ಔಷಧಿಯ ನಂತರ ಮಗು ಆಡುತ್ತಾ ನೀರು ಕುಡಿಯುತ್ತಿದ್ದರೆ ಪ್ರವಾಸವನ್ನು ಅಲ್ಲಿಗೇ ಮುಗಿಸಬೇಕಿಲ್ಲ, ಒಂದು ದಿನ ಕೋಣೆಯಲ್ಲಿ ಉಳಿದರಾಯಿತು. ಆದರೆ ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕಾದ್ದರಿಂದ, ಉಳಿದವರು ಹೋಗಿ ಬರುವವರೆಗೆ ಮನೆಯವರೊಬ್ಬರು ಮಗುವಿನೊಂದಿಗೆ ಹೊರಗೇ ಉಳಿಯಲಿ.