ಸುಮೋ ಕಳಚುವ ಮುಂಚೆ: ಲ್ಯಾಬಿನಿಂದ ನನ್ನ ಅನುಭವ

ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಹದಿಮೂರು ಪಟ್ಟೆಯ ನೆಲ ಅಳಿಲು ಅಂತ ಒಂದಿದೆ. ಚಳಿಗಾಲದ ದೀರ್ಘನಿದ್ದೆಗೆ ಇಳಿದಾಗ ಅದರ ಮೈಬಿಸಿ 37 ಡಿಗ್ರಿಯಿಂದ ಸುಮಾರು 5ಕ್ಕೆ ಬರುತ್ತದೆ, ಮಿದುಳಿನ ರಕ್ತದ ಹರಿವು ಮಾಮೂಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮಗೆ ಹಾಗಾದರೆ ಲಕ್ವ ಗ್ಯಾರಂಟಿ. ಅಳಿಲು ಮಾತ್ರ ಎದ್ದು ಮೈ ಕೊಡವಿಕೊಂಡು ಓಡುತ್ತದೆ. ಆ ನಿದ್ದೆಯಲ್ಲಿ ಪ್ರೋಟೀನುಗಳಿಗೆ ಸುಮೋ ಎಂಬ ಇನ್ನೊಂದು ಪ್ರೋಟೀನು ಅಂಟುವುದು ವಿಪರೀತ ಹೆಚ್ಚುತ್ತದೆ ಎಂದು ಅಮೆರಿಕದ ಯಾಂಗ್‌ಜಾ ಲೀ, ಜಾನ್ ಹ್ಯಾಲೆನ್‌ಬೆಕ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ನಾನು ಈ ಕೆಲಸಕ್ಕೆ ಬಿದ್ದದ್ದು ಆ ಪೇಪರ್ ಓದಿ.

ಸುಮೋ ಎಂಬುದು ಸುಮಾರು ನೂರು ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಬೇರೆ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ ಹೋಗಿ ಕೂರುತ್ತದೆ, ಅದರ ಕೆಲಸವನ್ನೋ ಜಾಗವನ್ನೋ ಬದಲಿಸುತ್ತದೆ. ಕೂರಿಸುವ ಹಾದಿಯಲ್ಲಿ ಯುಬಿಸಿ9 ಎಂಬ ಒಂದೇ ಕಿಣ್ವವನ್ನು ದಾಟಲೇಬೇಕು. ಕಳಚಲು ಸೆನ್ಪ್ ಎಂಬ ಕಿಣ್ವಗಳ ಗುಂಪೇ ಇದೆ. ನನ್ನ ತಲೆನೋವೆಲ್ಲ ಈ ಸೆನ್ಪ್‌ಗಳದ್ದು: ಕೋಶ ಒಡೆದ ಮೇಲೂ ಅವು ಸುಮ್ಮನಿರುವುದಿಲ್ಲ.

ರಕ್ತದ ಹರಿವು ನಿಂತಂಥ ಸ್ಥಿತಿಯನ್ನು ಲ್ಯಾಬಿನಲ್ಲಿ ತರಲು ನಾನು ಬಳಸುವುದು ನರದ ಗಡ್ಡೆಯಿಂದ ಬಂದ ಎಸ್‌ಎಚ್-ಎಸ್‌ವೈ5ವೈ ಕೋಶಗಳು. ಮೂಲತಃ ಕ್ಯಾನ್ಸರ್ ಕೋಶಗಳಾದ್ದರಿಂದ ಜಟ್ಟಿಗಳು. ಆಕ್ಸಿಜನ್ ಒಂದನ್ನೇ ಕಿತ್ತುಕೊಂಡರೆ ಗ್ಲೂಕೋಸ್ ಸುಟ್ಟುಕೊಂಡು ಬದುಕಿಬಿಡುತ್ತವೆ, ಹಾಗಾಗಿ ಎರಡನ್ನೂ ತೆಗೆಯಬೇಕು. ಕೋಶ ಬೆಳೆಸುವ ದ್ರವಕ್ಕೆ, ಅಂದರೆ ಮೀಡಿಯಂಗೆ, ಸೇರಿಸುವ ಸೀರಮ್‌ನಲ್ಲೂ ಗ್ಲೂಕೋಸ್ ಇರುತ್ತದೆಂಬುದನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಗ್ಲೂಕೋಸ್ ಇಲ್ಲದ ಮೀಡಿಯಂಗೆ ಮೊದಲೇ ನೈಟ್ರೋಜನ್ ಗುಳ್ಳೆ ಬಿಟ್ಟು, ಅದರಲ್ಲೇ ಕೋಶಗಳನ್ನು ಮೆಲ್ಲಗೆ ತೊಳೆದು, ಆಮೇಲೆ ಶೇಕಡಾ 1 ಆಕ್ಸಿಜನ್ ಇರುವ ಚೇಂಬರಿಗೆ ಸೇರಿಸುತ್ತೇನೆ.

ಹೊರಗೆ ತೆಗೆದ ಮೇಲಿನ ನಿಮಿಷಗಳಲ್ಲೇ ಪ್ರಯೋಗ ಗೆಲ್ಲುವುದೋ ಸೋಲುವುದೋ ತೀರ್ಮಾನವಾಗುತ್ತದೆ. ಹೊಸದಾಗಿ ಸೇರಿದ ಹುಡುಗಿ ಕೇಳಿದ್ದಳು, "ಅಕ್ಕಾ, ಎಲ್ಲಾ ಪ್ಲೇಟೂ ಒಟ್ಟಿಗೆ ತೊಳೆದು ಆಮೇಲೆ ಬಫರ್ ಹಾಕಿದ್ರೆ ಆಗಲ್ವಾ?" ಆಗಲ್ಲ ಮಾರಾಯ್ತಿ. ಒಂದು ಪ್ಲೇಟ್ ತೆಗಿ, ಬಫರ್ ಸುರಿ, ಕೆರೆದು ಟ್ಯೂಬಿಗೆ ಹಾಕು, ಆಮೇಲೆ ಮುಂದಿನದು. ಬಫರ್ ಅಂದರೆ ಪ್ರೋಟೀನುಗಳ ಮಡಿಕೆ ಬಿಡಿಸುವ, ಸೋಪಿನಂಥ ಎಸ್‌ಡಿಎಸ್ ಇರುವ ಬಿಸಿ ಬಫರ್, ಅದಕ್ಕೆ 20 ಮಿಲಿಮೋಲಾರ್ ಎನ್-ಈಥೈಲ್‌ಮಲೀಮೈಡ್. ಸೆನ್ಪ್‌ಗಳ ಕೆಲಸಕ್ಕೆ ಬೇಕಾದ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಹಿಡಿದು ಕಟ್ಟಿಹಾಕುವುದು ಅದೇ. ಅದು ನೀರಿನಲ್ಲಿ ಕೆಟ್ಟುಹೋಗುತ್ತದೆ. ಆ ಹೊತ್ತಿನಲ್ಲೇ ತೂಗಿ ಎಥನಾಲಿನಲ್ಲಿ ಕರಗಿಸಿಕೊಳ್ಳಬೇಕು. ಮೂಗಿಗೂ ಕಣ್ಣಿಗೂ ಒಳ್ಳೆಯದಲ್ಲ, ತೂಗುವುದು ಗಾಳಿ ಹೀರುವ ಹುಡ್ ಒಳಗೇ. ಪ್ರೋಟೀನಿನ ಗಂಧಕದ ಕೊಂಡಿ ಬಿಡಿಸುವ ಮರ್ಕ್ಯಾಪ್ಟೋಎಥನಾಲ್ ಮೊದಲೇ ಬೆರೆಸಿದರೆ ಈ ರಾಸಾಯನಿಕವನ್ನು ಅದೇ ನುಂಗಿಬಿಡುತ್ತದೆ, ಆದ್ದರಿಂದ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ಗೆ ಹಾಕುವ ಹೊತ್ತಿಗೆ ಸೇರಿಸಿದರೆ ಸಾಕು. ಕುದಿಸಿದ ಮೇಲೆ ಡಿಎನ್ಎ ಲೋಳೆಲೋಳೆಯಾಗಿ ಪಿಪೆಟ್ಟಿಗೆ ಅಂಟಿಕೊಂಡು ಬರುತ್ತದೆ. ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟು ಮಾಡಿದರೆ ದಾರಿಗೆ ಬರುತ್ತದೆ.

ಜೆಲ್‌ನಲ್ಲಿ ಬೇರ್ಪಟ್ಟ ಪ್ರೋಟೀನುಗಳನ್ನು ಗೆರೆಗಳಾಗಿ ತೋರಿಸುವ ಬ್ಲಾಟ್ ಓದುವಾಗ, ಸುಮೋದ ಒಂದು ಬಗೆಯಾದ ಸುಮೋ-1ರಲ್ಲಿ ನನ್ನ ಕಣ್ಣು ಮೊದಲು ಹೋಗುವುದು 90 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರಕ್ಕೆ. ಅಲ್ಲಿ ಸುಮೋ ಹೊತ್ತ ರಾನ್‌ಗ್ಯಾಪ್1 ಎಂಬ ಪ್ರೋಟೀನು ಗಟ್ಟಿಯಾಗಿ ಕೂತಿರಬೇಕು. ಆ ಗೆರೆ ಮಸುಕಾಗಿದ್ದರೆ ಆ ದಿನದ ಸ್ಯಾಂಪಲ್ಲನ್ನೇ ನಂಬುವುದಿಲ್ಲ. ಇನ್ನೆರಡು ಬಗೆಯಾದ ಸುಮೋ-2/3ರ ಬ್ಲಾಟಿನ ಕತೆ ಬೇರೆ. ಅದು ಒತ್ತಡಕ್ಕೆ ಬೇಗ ಮಿಡಿಯುತ್ತದೆ: ಮೇಲ್ಭಾಗದಲ್ಲಿ ಮಸಿ ಬಳಿದಂತೆ ಉದ್ದ ಕಪ್ಪು, ಕೆಳಗೆ ಬಿಡಿಯಾಗಿದ್ದ ಸುಮೋ ತೆಳುವಾಗುವುದು. ಎರಡೂ ಒಟ್ಟಿಗೆ ಕಂಡರೆ ಮಾತ್ರ ಏರಿಕೆ ನಿಜ ಎನ್ನುತ್ತೇನೆ. ಮೇಲೆ ಖಾಲಿ, ಕೆಳಗೆ ದಪ್ಪ ಗೆರೆ ಅಂದರೆ ಸೆನ್ಪ್‌ಗಳು ಊಟ ಮುಗಿಸಿವೆ ಅಂತಲೇ ನನ್ನ ಮೊದಲ ಅನುಮಾನ.

ಇಷ್ಟಕ್ಕೇ "ಸುಮೋ ಮಿದುಳನ್ನು ಕಾಪಾಡುತ್ತದೆ" ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಕಪ್ಪು ಹೆಚ್ಚಿದ್ದು ಕೋಶದ ಬರಿಯ ನರಳಾಟವೂ ಇರಬಹುದು. ಅದಕ್ಕೇ ಯುಬಿಸಿ9ನ್ನು ಜೀನ್ ಅಡಗಿಸುವ ಎಸ್ಐಆರ್ಎನ್ಎಯಿಂದ ತಗ್ಗಿಸಿ, ಅದೇ ಪ್ರಯೋಗ ಮತ್ತೆ ಮಾಡಿ, ಸತ್ತ ಕೋಶಗಳಿಂದ ಸೋರುವ ಎಲ್‌ಡಿಎಚ್ ಎಂಬ ಕಿಣ್ವವನ್ನು ಅಳೆಯಬೇಕು. ಸಾವು ಹೆಚ್ಚಿದರೆ ಆಮೇಲೆ ಮಾತು. 2011ರಲ್ಲಿ ಯುಬಿಸಿ9 ಹೆಚ್ಚಿರುವ ಇಲಿಗಳಲ್ಲಿ ಮಿದುಳಿನ ರಕ್ತನಾಳ ಕಟ್ಟಿದಾಗ ಆಗುವ ಹಾನಿ ಕಡಿಮೆ ಎಂದು ಅದೇ ಅಮೆರಿಕದ ತಂಡ ತೋರಿಸಿದ್ದು ನನಗೆ ಹೆಚ್ಚು ಧೈರ್ಯ ಕೊಟ್ಟಿತು. ಆದರೂ ಮನುಷ್ಯರ ವಿಷಯದಲ್ಲಿ ಬಾಯಿ ಬಿಗಿ ಹಿಡಿಯುತ್ತೇನೆ. ಪ್ರಾಣಿಗಳಲ್ಲಿ ಗೆದ್ದಿದ್ದ, ಲಕ್ವಕ್ಕೆಂದು ಮಾಡಿದ ಎನ್‌ಎಕ್ಸ್‌ವೈ-059 ಔಷಧಿ, ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲವೆಂದು 2007ರಲ್ಲೇ ಪ್ರಕಟವಾಯಿತು.

ಈಗ ಇಲಿಮರಿಯ ಕಾರ್ಟೆಕ್ಸಿನಿಂದ ತೆಗೆದ ನ್ಯೂರಾನುಗಳಲ್ಲಿ ಇದನ್ನೇ ಮಾಡುತ್ತಿದ್ದೇನೆ. ಅಲ್ಲಿ ಬೇರೆಯೇ ತೊಡಕು: ಅವನ್ನು ಸಾಕಲು ಮೀಡಿಯಂಗೆ ಹಾಕುವ ಬಿ27 ಎಂಬ ಪೂರಕದಲ್ಲಿ ಆಂಟಿಆಕ್ಸಿಡೆಂಟುಗಳಿವೆ, ನಾನು ಕೊಡುವ ಪೆಟ್ಟನ್ನು ಅವೇ ಅರ್ಧ ತಡೆದುಬಿಡುತ್ತವೆ. ಆದ್ದರಿಂದ ಪ್ರಯೋಗಕ್ಕೆ ಮುಂಚೆ ಆಂಟಿಆಕ್ಸಿಡೆಂಟ್ ಇಲ್ಲದ ಬಿ27ಕ್ಕೆ ಬದಲಾಯಿಸುತ್ತೇನೆ, ಅದೇ ಮೀಡಿಯಂನಲ್ಲಿರುವ, ಆಕ್ಸಿಜನ್ ಕಡಿಮೆ ಮಾಡದ ಒಂದು ಪ್ಲೇಟನ್ನೂ ಜೊತೆಗೆ ಇಟ್ಟುಕೊಳ್ಳುತ್ತೇನೆ.