ತಿರುವಿನಲ್ಲಿ ಮಾತ್ರ ಹೊತ್ತುತ್ತಿದ್ದ ಎಬಿಎಸ್ ಲೈಟು

ಆಗುಂಬೆ ಘಾಟಿ ಇಳಿಯುವಾಗ ಮೂರನೇ ತಿರುವಿಗೆ ಕಾರಿನ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟು ಹೊತ್ತಿಕೊಂಡಿತು. ಸೋಮೇಶ್ವರದಲ್ಲಿ ಚಹಾ ಕುಡಿದು ಗಾಡಿ ಸ್ಟಾರ್ಟ್ ಮಾಡಿದರೆ ಲೈಟೇ ಇಲ್ಲ. ಉಡುಪಿಯವರೆಗೂ ಸುಮ್ಮನಿತ್ತು. ವಾಪಸ್ ಘಾಟಿ ಹತ್ತುವಾಗ ಮತ್ತೆ ಅದೇ ಕಥೆ. ಮಾಮೂಲಿ ಬ್ರೇಕ್ ಚೆನ್ನಾಗೇ ಹಿಡಿಯುತ್ತಿತ್ತು. ಆದರೂ ಮಳೆಗಾಲದಲ್ಲಿ ಆ ರಸ್ತೆಯನ್ನು ಎಬಿಎಸ್ ಇಲ್ಲದೆ ಇಳಿಯಲು ಧೈರ್ಯ ಬೇಕು.

ಗ್ಯಾರೇಜಿನವರು ಸ್ಕ್ಯಾನ್ ಮಾಡಿದರು. ಬಂದ ಕೋಡ್ ಸಿ0035, ಅಂದರೆ ಎಡ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್. ಹೊಸದು ಹಾಕಿದರು. ಹತ್ತೇ ದಿನಕ್ಕೆ ಲೈಟು ವಾಪಸ್. ಸೆನ್ಸರ್ ಸತ್ತಿದೆ ಅಂತ ಆ ಕೋಡ್ ಹೇಳುವುದಿಲ್ಲ. ಆ ದಾರಿಯಲ್ಲಿ ಸಿಗ್ನಲ್ ಸರಿಯಿಲ್ಲ ಅನ್ನುತ್ತದೆ, ಅಷ್ಟೇ. ಕನೆಕ್ಟರ್, ವೈರು, ಸೆನ್ಸರ್ ಓದುವ ಬೇರಿಂಗಿನ ಮ್ಯಾಗ್ನೆಟ್ ರಿಂಗು, ಯಾವುದೂ ಆಗಬಹುದು.

ನನ್ನ ಅಗ್ಗದ ಬ್ಲೂಟೂತ್ ರೀಡರ್ ಎಂಜಿನ್ ಕೋಡ್ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಎಬಿಎಸ್ ಓದುವ ಸ್ಕ್ಯಾನರನ್ನು ಗೆಳೆಯನಿಂದ ತಂದೆ. ಖಾಲಿ ಮೈದಾನದಲ್ಲಿ ನಾನು ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಿದೆ, ಪಕ್ಕದಲ್ಲಿ ಮಗ ನಾಲ್ಕೂ ಚಕ್ರದ ವೇಗ ಓದುತ್ತಾ ಕೂತ. ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿದಾಗ ಕೂಗಿದ: 'ಅಪ್ಪಾ, ಇದೊಂದು ಸೊನ್ನೆ!' ಅದೇ ಎಡ ಮುಂದಿನ ಚಕ್ರ. ಉಳಿದ ಮೂರು ಗಂಟೆಗೆ 12 ಕಿ.ಮೀ. ಆಸುಪಾಸಿನಲ್ಲಿದ್ದವು. ಎಡಕ್ಕೆ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ರಿಂಗು ಹಾಳಾಗಿದ್ದರೆ ಸ್ಟೇರಿಂಗಿನ ದಿಕ್ಕು ನೋಡಿಕೊಂಡು ಕೈಕೊಡುತ್ತಿರಲಿಲ್ಲ ಅಲ್ವಾ? ಹಾಗಾಗಿ ವೈರಿನ ಮೇಲೆ ಅನುಮಾನ ಬಂತು.

ಇಲ್ಲಿ ಮಲ್ಟಿಮೀಟರ್ ನನ್ನನ್ನು ಏಮಾರಿಸಿತು. ಸೆನ್ಸರಿನ ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿದರೆ ಗಾಡಿ ಕಡೆಯ ಪಿನ್ನಿನಲ್ಲಿ 11.8 ವೋಲ್ಟ್. ಚೆನ್ನಾಗಿದೆ ಅಂದುಕೊಂಡೆ. ಆದರೆ ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ. ಒಂದು ತಾಮ್ರದ ಎಳೆ ತಾಗಿಕೊಂಡಿದ್ದರೂ ವೋಲ್ಟೇಜ್ ಪೂರ್ತಿ ತೋರಿಸುತ್ತದೆ. ಸೆನ್ಸರಿಗೆ ಓಮ್ ಇಡಲು, ಅಂದರೆ ಅದರ ರೆಸಿಸ್ಟೆನ್ಸ್ ಅಳೆಯಲು ಹೋಗಲಿಲ್ಲ. ಹಳೇ ಕಾಯಿಲ್ ನಮೂನೆಯದಾದರೆ ಸರಿ, ಇದು ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಆ್ಯಕ್ಟಿವ್ ಸೆನ್ಸರ್. 7 ಮತ್ತು 14 ಮಿಲಿಆಂಪ್ ನಡುವೆ ಕರೆಂಟ್ ಜಿಗಿಯುವುದನ್ನು ಎಬಿಎಸ್ ಯೂನಿಟ್ ಎಣಿಸುತ್ತದೆ. ಅದಕ್ಕೆ ಓಮ್ ಇಟ್ಟರೆ ಏನೂ ತಿಳಿಯದು, ಕೆಡುವ ಭಯ ಬೇರೆ.

ಬ್ಯಾಟರಿ ಟರ್ಮಿನಲ್ ತೆಗೆದು, ಯೂನಿಟ್ಟಿನ ಪ್ಲಗ್ಗನ್ನೂ ಕಿತ್ತೆ. ಈಗ ವೈರು ಎರಡೂ ಕಡೆ ಖಾಲಿ. 1 ಆಂಪ್ ಫ್ಯೂಸ್ ಹಾಕಿ, ಅದರ ಮೂಲಕ ಮೀಟರಿಗಿಂತ ಹೆಚ್ಚು ಕರೆಂಟ್ ಎಳೆಯುವ 5 ವ್ಯಾಟಿನ ಪಾರ್ಕಿಂಗ್ ಬಲ್ಬು ಉರಿಸಿದೆ. ವೈರನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಬಂದೆ. ಕನೆಕ್ಟರಿನ ಹಿಂದೆ, ರಬ್ಬರ್ ಸೀಲಿನ ಹತ್ತಿರ ಬಲ್ಬು ಮಿಣುಕಿತು. ಅಲ್ಲಿ ವೈರನ್ನು ಮೆಲ್ಲಗೆ ಎಳೆದರೆ ಹೊದಿಕೆ ಚೂಯಿಂಗ್ ಗಮ್ಮಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ಹೆಸರಿಗಷ್ಟೇ ಉಳಿದಿತ್ತು. ಸೀಳಿದಾಗ ಹಸಿರು ಪುಡಿ ಉದುರಿತು.

ಕಾರಣ ಸ್ವಲ್ಪ ಮೇಲೆಯೇ ಇತ್ತು. ಹಿಂದಿನ ವರ್ಷ ಶಾಕ್ ಅಬ್ಸಾರ್ಬರ್ ಬದಲಿಸಿದಾಗ ಸೆನ್ಸರ್ ವೈರನ್ನು ಹಿಡಿದಿಡುವ ಕ್ಲಿಪ್ಪು ಹಾಕಿರಲಿಲ್ಲ. ಪ್ರತಿ ಬಲ ತಿರುವಿನಲ್ಲೂ ವೈರು ಕನೆಕ್ಟರನ್ನು ಜಗ್ಗುತ್ತಿತ್ತು.

ಗುಜರಿಯಿಂದ ಅದೇ ಮಾಡೆಲಿನ ಕನೆಕ್ಟರನ್ನು ಬಾಲದ ವೈರು ಸಮೇತ ತಂದೆ. ಬೆಸುಗೆಯನ್ನು ಅಲುಗಾಡದ ಕಡೆ, ಫೆಂಡರಿನ ಒಳಗೆ ಹಾಕಿದೆ. ಬೆಸುಗೆ ಬಿದ್ದ ವೈರು ಕಡ್ಡಿಯಂತಾಗುತ್ತದೆ, ಆಡುವ ಜಾಗದಲ್ಲಿದ್ದರೆ ಪಕ್ಕದಲ್ಲೇ ಮುರಿಯುತ್ತದೆ. ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ), ಮತ್ತೆ ಆ ಕ್ಲಿಪ್ಪು.

ಹಳೇ ಸೆನ್ಸರ್ ಇನ್ನೂ ಡಿಕ್ಕಿಯಲ್ಲಿ ಬಿದ್ದಿದೆ. ಅದೂ ಚೆನ್ನಾಗೇ ಇದ್ದಿರಬೇಕು.