ಆಫೀಸ್ ಟವರ್, ಮೈನಿಂಗ್ ಕಾರ್ಡ್, 33 ಸಾವಿರ: ಅಣ್ಣನ ಮಗನಿಗೆ ಗೇಮಿಂಗ್ ಪಿಸಿ ಕಟ್ಟಿದ ನನ್ನ ಅನುಭವ

ಹೋದ ವಾರ ಹೊನ್ನಾಳಿಗೆ ಹೋಗಿದ್ದೆ. ನಾನು ಕಟ್ಟಿಕೊಟ್ಟ ಪಿಸಿಯಲ್ಲಿ ಅಣ್ಣನ ಮಗ ಫೋರ್ಜಾ ಹೊರೈಜನ್ 5 ಅನ್ನುವ ಕಾರ್ ರೇಸ್ ಆಟ ಆಡುತ್ತಿದ್ದ, ಫ್ರೇಮ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಲೆಕ್ಕ) 65ರ ಕೆಳಗೆ ಇಳಿಯುತ್ತಿರಲಿಲ್ಲ. ಅಣ್ಣ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. 2024ರ ದೀಪಾವಳಿಗೆ ಮುಂಚೆ "ಹಳೇ ಸಾಮಾನು ತಂದು ದುಡ್ಡು ಹೊಳೆಗೆ ಹಾಕ್ತಿದ್ದೀಯ" ಅಂದವನೂ ಇವನೇ. ಒಂದು ವರ್ಷ ದಾಟಿತು, ಒಂದು ಪೂರ್ತಿ ಬೇಸಿಗೆ ಕಳೆಯಿತು, ಮಷಿನ್ ಒಂದು ದಿನ ನಿಂತಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಕಂಪ್ಯೂಟರ್ ಅಂತ ಅಣ್ಣ ಮಾತು ಕೊಟ್ಟಿದ್ದ. ಬಜೆಟ್ 35 ಸಾವಿರ, ಮಾನಿಟರ್ ಸೇರಿ. ಅಂಗಡಿಯಲ್ಲಿ ಹೊಸದಕ್ಕೆ ಕೊಟೇಶನ್ ಕೇಳಿದಾಗ 60 ಸಾವಿರ ದಾಟಿತು. 35ಕ್ಕೇ ಬೇಕು ಅಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಭಾಗ) ಇಲ್ಲದೆ, ರೈಜನ್ 5 5600ಜಿ ಪ್ರೊಸೆಸರ್ ಒಂದೇ. ಅದು ಕೆಟ್ಟದ್ದಲ್ಲ, ಆದರೆ ಅವನು ಕೇಳಿದ ಆಟಗಳಿಗೆ ಸಾಲದು. ನಾನು ದಾವಣಗೆರೆಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಆಫೀಸ್ ಟವರ್‌ಗಳು (ಕಚೇರಿಗಳಲ್ಲಿ ಇಡುವ ಕಂಪ್ಯೂಟರ್ ಡಬ್ಬ) ಎಷ್ಟು ವರ್ಷ ಓಡುತ್ತವೆ ಅಂತ ಕಣ್ಣಾರೆ ಕಂಡಿದ್ದೇನೆ, ದಿನಕ್ಕೆ ಎಂಟು ಗಂಟೆ ಓಡಿಯೂ ಮದರ್‌ಬೋರ್ಡ್ ಹೋಗಿದ್ದು ಬಹಳ ಕಮ್ಮಿ. ಹಾಗಾಗಿ ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಟವರ್ ತಂದು ಅದಕ್ಕೆ ಒಳ್ಳೆ ಕಾರ್ಡ್ ಹಾಕುವುದು ಅಂತ ತೀರ್ಮಾನ ಮಾಡಿದೆ. ಲ್ಯಾಬಿನ ಸಹೋದ್ಯೋಗಿಗಳೂ ಬೇಡ ಅಂದರು. ಆ ಟವರ್‌ಗಳ ಪವರ್ ಸಪ್ಲೈ ಕಂಪನಿಯದ್ದೇ ಒಂದು ಥರ, ಕಾರ್ಡ್ ತಡೆಯಲ್ಲ ಅನ್ನುವುದು ಅವರ ವಾದ. ಅವರ ಮಾತು ಅರ್ಧ ನಿಜ, ಅದಕ್ಕೆ ಆಮೇಲೆ ಬರುತ್ತೇನೆ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಶನಿವಾರ ಬೆಳಗಿನ ರೈಲಿಗೆ ಹೋದೆ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್ ಐ5-6500 ಇರುವ ಟವರ್ 8-9 ಸಾವಿರಕ್ಕೇ ಸಿಗುತ್ತಿತ್ತು, ಆಸೆಯೂ ಆಯಿತು. ಆದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ಗೆ ಬೆಂಬಲ ಮುಗಿಯುತ್ತದೆ ಅಂತ ಆಗಲೇ ಗೊತ್ತಿತ್ತು. ಅದಕ್ಕೇ ಎಂಟನೇ ತಲೆಮಾರು, ಐ5-8500, ಆರು ಕೋರ್. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ 15,500 ಹೇಳಿದರು, 14,200ಕ್ಕೆ ಇಳಿಸಿದೆ. ಚೌಕಾಸಿ ಹೇಗೆ ಮಾಡಿದೆ ಅಂತ ಹೇಳಲ್ಲ, ಮುಂದಿನ ಸಲ ನನಗೇ ಬೇಕು.

ಒಂದು ಮಾತ್ರ ತಪ್ಪದೆ ನೋಡಿ. ಅಂಗಡಿಯಲ್ಲೇ ಆನ್ ಮಾಡಿಸಿ ಬಯೋಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದರೆ ಆ ಪೆಟ್ಟಿಗೆ ಬೇಡ. ಕಂಪನಿಯವರು ಹಾಕಿದ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ, ಆಮೇಲೆ ಕೆಲವು ಆಟಗಳು ಕೇಳುವ ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ಸೆಟ್ಟಿಂಗ್ ಆನ್ ಮಾಡಲಿಕ್ಕೂ ಆಗಲ್ಲ. ನಾನು ನೋಡಿದ ಆರು ಟವರ್‌ಗಳಲ್ಲಿ ಎರಡಕ್ಕೆ ಹಾಗಿತ್ತು.

ಮೊದಲ ಕಾರ್ಡ್‌ನಲ್ಲಿ ಮೋಸ ಹೋದೆ. ಆನ್‌ಲೈನ್‌ನಲ್ಲಿ ಒಬ್ಬರು ಆರ್‌ಎಕ್ಸ್ 580 8 ಜಿಬಿ ಅಂತ ಹಾಕಿದ್ದರು, 6,500ಕ್ಕೆ ತಂದೆ. ಮನೆಗೆ ಬಂದು ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ಹಾಕಿ ನೋಡಿದರೆ ಶೇಡರ್, ಅಂದರೆ ಲೆಕ್ಕ ಮಾಡುವ ಚಿಕ್ಕ ಘಟಕಗಳು, 2048. ನಿಜವಾದ 580ಗೆ 2304 ಇರಬೇಕು. ಇದು ಹೆಸರಿಗೆ 580, ಒಳಗೆ 570ರ ಸಮ. ಅದು ಸಾಲದು ಅಂತ ನಾನೇ ಇನ್ನೊಂದು ತಪ್ಪು ಮಾಡಿದೆ. ಟವರ್‌ನ ಸಪ್ಲೈನಲ್ಲಿ ಕಾರ್ಡಿಗೆ ಕರೆಂಟ್ ಕೊಡುವ ಎಂಟು ಪಿನ್ ಇರಲಿಲ್ಲ, ಹಾಗಾಗಿ ಸಾಟಾದಿಂದ (ಡಿಸ್ಕಿಗೆ ಕರೆಂಟ್ ಕೊಡುವ ಪ್ಲಗ್) ಎಂಟು ಪಿನ್ನಿಗೆ ಕನ್ವರ್ಟರ್ ಹಾಕಿದೆ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಡೆಯುವುದೇ 54 ವಾಟ್, ನಾನು ಅದರಿಂದ ಅದರ ಎರಡು ಪಟ್ಟು ಎಳೆಯಲು ಹೊರಟಿದ್ದೆ. ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ಹಾಕಿ ಮೂರು ನಿಮಿಷಕ್ಕೆ ಮಷಿನ್ ಆಫ್. ಕನೆಕ್ಟರ್ ಮುಟ್ಟಿದರೆ ಸುಡುತ್ತಿತ್ತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬೇರೆ. ಆ ಕನ್ವರ್ಟರ್ ಯಾರೂ ಹಾಕಬೇಡಿ, ಎಷ್ಟು ಅಗ್ಗ ಸಿಕ್ಕಿದರೂ ಬೇಡ. ಕಾರ್ಡನ್ನು ಇದ್ದದ್ದು ಇದ್ದಂತೆ ಹೇಳಿ 5,000ಕ್ಕೆ ಮಾರಿದೆ. 1,500 ನಷ್ಟ.

ಎರಡನೆಯದು ಜಿಟಿಎಕ್ಸ್ 1660 ಸೂಪರ್, 6 ಜಿಬಿ. ಮೈನಿಂಗ್‌ನಲ್ಲಿ, ಅಂದರೆ ಹಗಲು ರಾತ್ರಿ ಲೆಕ್ಕ ಮಾಡಿ ಡಿಜಿಟಲ್ ನಾಣ್ಯ ಗಳಿಸುವುದರಲ್ಲಿ, ದುಡಿದ ಕಾರ್ಡ್, ಮಾರಿದವರೇ ಹೇಳಿದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ನಾಣ್ಯದ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡ್‌ಗಳು ರಾಶಿ ರಾಶಿ ಹೊರಬಂದಿವೆ, ಎಲ್ಲರೂ ಹೆದರುತ್ತಾರೆ. ನನಗೆ ಆ ಹೆದರಿಕೆ ಇಲ್ಲ. ಮೈನಿಂಗ್ ಕಾರ್ಡ್ ಒಂದೇ ಸಮ ಬಿಸಿಯಲ್ಲಿ ಓಡಿರುತ್ತದೆ. ಅದರಲ್ಲಿ ಸವೆಯುವುದು ಫ್ಯಾನ್, ಒಣಗುವುದು ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಮತ್ತು ಥರ್ಮಲ್ ಪ್ಯಾಡ್. ಮೂರೂ ಬದಲಾಯಿಸಬಹುದಾದ ಸಾಮಾನು. ಅವರ ಮನೆಯಲ್ಲೇ ಅರ್ಧ ಗಂಟೆ ಫರ್‌ಮಾರ್ಕ್ ಓಡಿಸಿ, ಪರದೆಯಲ್ಲಿ ಚುಕ್ಕಿ ಗೆರೆ ಏನೂ ಬರಲಿಲ್ಲ ಅಂತ ಖಾತ್ರಿ ಮಾಡಿಕೊಂಡು 8,200 ಕೊಟ್ಟೆ.

ಪ್ಯಾಡ್ ಬದಲಿಸಿದ ದಿನ ಮಾತ್ರ ಕಣ್ಣಲ್ಲಿ ನೀರು ಬಂತು. 1 ಮಿಲಿಮೀಟರ್ ಇರಬೇಕಾದ ಕಡೆ 1.5 ಹಾಕಿಬಿಟ್ಟಿದ್ದೆ. ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಎತ್ತಿಕೊಂಡು ಚಿಪ್ಪಿಗೆ ಸರಿಯಾಗಿ ಕೂರಲೇ ಇಲ್ಲ. ಆಟ ಶುರುವಾದ ನಿಮಿಷಕ್ಕೆ 90 ಡಿಗ್ರಿ. ರಾತ್ರಿ ಹನ್ನೊಂದಕ್ಕೆ ಮತ್ತೆ ಬಿಚ್ಚಿದೆ. ಸರಿ ಅಳತೆ ಹಾಕಿದ ಮೇಲೆ 72-73. ಹಳೇ ಪ್ಯಾಡ್ ನಜ್ಜಾಗಿದ್ದಾಗ ಮೂಲ ಅಳತೆ ಕಂಡುಹಿಡಿಯುವ ಒಂದು ಉಪಾಯ ಆವತ್ತು ಹೊಳೆಯಿತು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಪವರ್ ಸಪ್ಲೈ. ಈ ಟವರ್‌ಗೆ ಮಾಮೂಲಿ 24 ಪಿನ್ನಿನ ಪ್ಲಗ್ ಇಲ್ಲ, ಬೋರ್ಡಿಗೆ ಹೋಗುವುದು ಬರೀ 12 ವೋಲ್ಟ್. ಡಿಸ್ಕಿಗೆ ಕರೆಂಟ್ ಬೋರ್ಡಿನಿಂದಲೇ ಬರುತ್ತದೆ. ಹೊಸ 450 ವಾಟ್ ಸಪ್ಲೈ 2,600ಕ್ಕೆ ತಂದೆ. ಅದನ್ನು ಈ ಬೋರ್ಡಿಗೆ ಜೋಡಿಸಲು 350 ರೂಪಾಯಿಯ ಕನ್ವರ್ಟರ್ ಕೇಬಲ್ ಹಾಕಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು, ಕಿತ್ತಳೆ ದೀಪ ಮಿಣುಕುತ್ತಿತ್ತು. ಎರಡು ದಿನ ಬೋರ್ಡೇ ಹೋಯಿತು ಅಂದುಕೊಂಡೆ. ಮೀಟರ್ ಹಿಡಿದಾಗ ಗೊತ್ತಾಯಿತು, ಸ್ಟ್ಯಾಂಡ್‌ಬೈ ಪಿನ್ನಿಗೆ (ಮಷಿನ್ ಆಫ್ ಇದ್ದಾಗಲೂ ಕರೆಂಟ್ ಇರುವ ಪಿನ್) 5 ವೋಲ್ಟ್ ಬರುತ್ತಿದೆ, ಈ ಬೋರ್ಡಿಗೆ ಅದು ಸಾಲದು. ಮಧ್ಯೆ ಚಿಕ್ಕ ಸರ್ಕ್ಯೂಟ್ ಇರುವ ಇನ್ನೊಂದು ಥರದ ಕೇಬಲ್ ಬರುತ್ತದೆ, ಅದು ವೋಲ್ಟೇಜ್ ಏರಿಸಿ ಕೊಡುತ್ತದೆ. 700 ರೂಪಾಯಿ. ಹಾಕಿದ ಕೂಡಲೇ ಬೂಟ್ ಆಯಿತು. ಬೇಡ ಅಂದಿದ್ದ ಸಹೋದ್ಯೋಗಿಗಳಿಗೆ ಫೋಟೋ ಕಳಿಸಿದೆ.

ಇನ್ನು ಸಪ್ಲೈ ಕೂರಿಸಲು ಜಾಗವೇ ಸರಿಹೊಂದಲಿಲ್ಲ. ಹೊಸ ಕ್ಯಾಬಿನೆಟ್‌ಗೆ 2,000 ಕೊಡುವ ಬದಲು ಪಕ್ಕದ ಬೀದಿಯ ಗ್ರಿಲ್ ಕೆಲಸದವರ ಹತ್ತಿರ ಹೋದೆ. ಹಲಗೆ ಮೇಲೆ ಅಳತೆ ಬರೆದುಕೊಟ್ಟೆ, ಹಿಂದಿನ ತಗಡು ಕತ್ತರಿಸಿ ಬ್ರಾಕೆಟ್ ಮಾಡಿಕೊಟ್ಟರು. ದುಡ್ಡು ಬೇಡ ಅಂದರು, ಅವರ ಮಗಳ ಲ್ಯಾಪ್‌ಟಾಪ್ ಸರಿ ಮಾಡಿಕೊಟ್ಟೆ. ಬೋರ್ಡ್, ಡಿಸ್ಕ್ ಎಲ್ಲಾ ಹೊರಗೆ ತೆಗೆದು ಬರೀ ಡಬ್ಬ ಒಯ್ಯಿರಿ, ಕಬ್ಬಿಣದ ಪುಡಿ ಬೋರ್ಡ್ ಮೇಲೆ ಬಿದ್ದರೆ ಕಥೆ ಮುಗಿಯಿತು.

ನಡುವೆ ಒಂದು ವಾರ ವಿಂಡೋಸ್ ಬದಲು ಲಿನಕ್ಸ್ ಹಾಕಿ ನೋಡಿದೆ, ಸುಮ್ನೆ ಕುತೂಹಲಕ್ಕೆ. ಸ್ಟೀಮ್‌ನಲ್ಲಿ (ಆಟಗಳ ಆನ್‌ಲೈನ್ ಅಂಗಡಿ) ಜಿಟಿಎ 5 ಆಟ ಚೆನ್ನಾಗಿಯೇ ಓಡಿತು, ಏನೂ ಹೆಚ್ಚು ಕೆಲಸವಿಲ್ಲ. ಆದರೆ ಹುಡುಗನಿಗೆ ವ್ಯಾಲರೆಂಟ್ ಆಟ ಬೇಕೇ ಬೇಕು, ಅದರ ಆಂಟಿಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಲಿನಕ್ಸ್‌ಗೆ ಬರಲ್ಲ. ವಾಪಸ್ ವಿಂಡೋಸ್ 11. ಅಲ್ಲೂ ವ್ಯಾನ್ 9001 ಅಂತ ಎರರ್. ಟಿಪಿಎಂ ಅನ್ನುವ ಭದ್ರತಾ ಚಿಪ್ ಆಫ್ ಇತ್ತು, ಡಿಸ್ಕಿನ ಭಾಗ ಹಂಚಿಕೆ ಹಳೇ ಎಂಬಿಆರ್ ಮಾದರಿಯಲ್ಲಿತ್ತು. ಹೊಸ ಜಿಪಿಟಿ ಮಾದರಿಗೆ ಬದಲಿಸಿ ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಮಾಡಿದ ಮೇಲೆ ಸರಿಹೋಯಿತು.

ರ‍್ಯಾಮ್ ಒಂದೇ ಕಡ್ಡಿ ಇದ್ದಾಗ ಜಿಟಿಎ ಊರೊಳಗೆ ತಡವರಿಸುತ್ತಿತ್ತು. ಇನ್ನೊಂದು 8 ಜಿಬಿ 1,300ಕ್ಕೆ ತಂದು ಜೋಡಿ ಮಾಡಿದೆ, ಆ ತಡವರಿಕೆ ಹೋಯಿತು. ಸರಾಸರಿ ಫ್ರೇಮ್ ಜಾಸ್ತಿ ಏರಲಿಲ್ಲ, ಆದರೆ ಕೆಳಗೆ ಬೀಳುವುದು ನಿಂತಿತು. ಆವತ್ತೇ ತಂದಿದ್ದು ಒಳ್ಳೆಯದಾಯಿತು, 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ್ದು ನಿಮಗೆಲ್ಲ ಗೊತ್ತೇ ಇದೆ.

ಹಳೇ 22 ಇಂಚು ಐಪಿಎಸ್ ಮಾನಿಟರ್ 4,000, ಕೀಬೋರ್ಡ್ ಮೌಸ್ 900, ಪೇಸ್ಟ್ ಪ್ಯಾಡ್ ಸುಮಾರು 600. ಎಲ್ಲಾ ಕೂಡಿದರೆ 33 ಸಾವಿರದ ಆಸುಪಾಸು, ಕೆಲಸಕ್ಕೆ ಬಾರದ ಆ 350ರ ಕೇಬಲ್ ಕೂಡ ಸೇರಿ. 580ರ ನಷ್ಟ ಮತ್ತು ರೈಲಿನ ಖರ್ಚು ನನ್ನ ಕೈಯಿಂದ.

ಹೊನ್ನಾಳಿಯಲ್ಲಿ ಇಟ್ಟ ದಿನವೇ ಹುಡುಗ "ಅತ್ತೆ, ಡಬ್ಬ ಮುಟ್ಟಿದ್ರೆ ಜುಮ್ ಅನ್ನುತ್ತೆ" ಅಂದ. ಅಣ್ಣ "ಹೇಳಿದ್ನಲ್ಲ" ಅಂದ. ಟೆಸ್ಟರ್ ಇಟ್ಟರೆ ದೀಪ ಹತ್ತುತ್ತಿತ್ತು. ತಪ್ಪು ಮಷಿನ್‌ದಲ್ಲ. ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಡಬ್ಬಕ್ಕೆ ಸ್ವಲ್ಪ ಕರೆಂಟ್ ಬಿಡುತ್ತವೆ, ಅದು ಅರ್ತ್ ವೈರಿನಲ್ಲಿ ಇಳಿದು ಹೋಗಬೇಕು. ಅರ್ತ್ ಇಲ್ಲದಿದ್ದರೆ 230 ವೋಲ್ಟ್‌ನ ಅರ್ಧದಷ್ಟು ಡಬ್ಬದ ಮೇಲೆ ನಿಂತಿರುತ್ತದೆ. ಸಾಕೆಟ್ ಬಿಚ್ಚಿದರೆ ಮೂರನೇ ಪಿನ್ನಿಗೆ ವೈರೇ ಇರಲಿಲ್ಲ, ಮನೆ ಕಟ್ಟಿದಾಗಿನಿಂದ! ಹಿತ್ತಲಲ್ಲಿ ಗುಂಡಿ ತೋಡಿಸಿ ಪೈಪ್ ಇಳಿಸಿ ಉಪ್ಪು ಇದ್ದಿಲು ತುಂಬಿಸಿದೆ, 1,800 ಆಯಿತು. ಅತ್ತಿಗೆ ಹೇಳಿದರು, ವಾಷಿಂಗ್ ಮಷಿನ್ ಕೂಡ ಎಷ್ಟೋ ವರ್ಷದಿಂದ ಜುಮ್ ಅನ್ನುತ್ತಿತ್ತಂತೆ, ಅದೂ ನಿಂತಿತು. ದಯವಿಟ್ಟು ನಿಮ್ಮ ಮನೆ ಸಾಕೆಟ್ ಒಂದು ಸಲ ನೋಡಿಸಿ.

ಏಪ್ರಿಲ್‌ನಲ್ಲಿ ಆ ಕೋಣೆ ಒಲೆಯಂತೆ ಕಾಯುತ್ತದೆ. ಆಗ ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯುವ ಕರೆಂಟಿನ ಮಿತಿ) ಶೇಕಡ 70ಕ್ಕೆ ಇಳಿಸಿ ನೋಡಿದೆ. ಫೋರ್ಜಾದಲ್ಲಿ ನಾಲ್ಕೈದು ಫ್ರೇಮ್ ಹೋಯಿತು, ಬಿಸಿ ಹತ್ತು ಡಿಗ್ರಿ ಇಳಿಯಿತು, ಗೋಡೆ ಮೀಟರ್‌ನಲ್ಲಿ 215 ವಾಟ್ ಇದ್ದದ್ದು 170ಕ್ಕೆ ಬಂತು. ಯುಪಿಎಸ್‌ಗೂ ನಿರಾಳ. ವ್ಯಾಲರೆಂಟ್‌ನಲ್ಲಿ ಹೇಗಿದ್ದರೂ 180-200 ಫ್ರೇಮ್ ಬರುತ್ತದೆ, ಅವನ ಮಾನಿಟರ್‌ಗೆ ಅಷ್ಟು ಬೇಕೂ ಇಲ್ಲ.

ಈ ಸಲ ಹೋದಾಗ ಕಾರ್ಡಿನ ಒಂದು ಫ್ಯಾನ್ ಬೇರಿಂಗ್ ಕಿರ್ ಅನ್ನುತ್ತಿತ್ತು. ಇದು ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಜೋಡಿ ಫ್ಯಾನ್ 500 ರೂಪಾಯಿ ಆಸುಪಾಸು, ಆರ್ಡರ್ ಹಾಕಿದ್ದೇನೆ. ಅದು ಬರುವವರೆಗೆ ಪವರ್ ಲಿಮಿಟ್ 65ಕ್ಕೆ ಇಳಿಸಿಟ್ಟು ಬಂದಿದ್ದೇನೆ. ಫ್ಯಾನ್ ಬಂದ ಮೇಲೆ ಈ ಸಲ ಹುಡುಗನ ಕೈಯಲ್ಲೇ ಬಿಚ್ಚಿಸುತ್ತೇನೆ.